ದೂರು ಹೇಳದ ಪೆಟ್ಟಿಗೆ

ಕಾರಿನ ಮೈಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಎಂಜಿನ್ನಿನ ಎಣ್ಣೆಯನ್ನು ಹಬ್ಬದ ದಿನದಂತೆ ನೆನಪಿಟ್ಟು ಬದಲಿಸುವವರನ್ನೂ ಕಂಡಿದ್ದೇನೆ. ಆದರೆ ಹಿಂದಿನ ಎರಡು ಚಕ್ರಗಳ ನಡುವೆ, ಕಾರಿನ ಹೊಟ್ಟೆಯಡಿಯಲ್ಲಿ ಅಡಗಿರುವ ಡಿಫರೆನ್ಷಿಯಲ್ ಎಂಬ ಲೋಹದ ಪೆಟ್ಟಿಗೆಯೊಳಗೂ ಎಣ್ಣೆಯಿದೆ, ಅದೂ ಹಳತಾಗುತ್ತದೆ ಎಂದು ನೆನೆಯುವವರು ವಿರಳ. ಆ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಲೇಬೇಕು, ಹಳೆಯ ಕಾರನ್ನು ಕೊಂಡವರಂತೂ ಮೊದಲ ತಿಂಗಳಲ್ಲೇ ಬದಲಿಸಬೇಕು ಎಂಬುದು ನನ್ನ ಅಭಿಪ್ರಾಯ. ನಿವೃತ್ತ ಮೇಷ್ಟರಿಗೇಕೆ ಗ್ಯಾರೇಜಿನ ವಿಚಾರ ಎಂದು ನೀವು ಕೇಳಬಹುದು. ಕಾರಣವಿದೆ, ಕೊನೆಗೆ ಹೇಳುತ್ತೇನೆ.

ಅಮೆರಿಕದಲ್ಲಿರುವ ನನ್ನ ಮಗ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾನೆ. 1991ರ ಮಾಜ್ದಾ ಮಿಯಾಟಾ. ಇಬ್ಬರಿಗೆ ಮಾತ್ರ ಆಸನ, ಮಡಿಸಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಮೇಲ್ಛಾವಣಿ, 1600 ಸಿ.ಸಿ. ಎಂಜಿನ್. ಬೇರೆ ದೇಶಗಳಲ್ಲಿ ಎಂ.ಎಕ್ಸ್-5 ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಕಾರು ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರುವರಿಯಲ್ಲಿ, ಷಿಕಾಗೊ ನಗರದ ಮೋಟಾರು ಪ್ರದರ್ಶನದಲ್ಲಿ. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಎಂಜಿನ್ ಮುಂದೆ, ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಹಾಗಾಗಿ ಹಿಂದೆ ಡಿಫರೆನ್ಷಿಯಲ್ ಪೆಟ್ಟಿಗೆ ಪ್ರತ್ಯೇಕವಾಗಿ ಇದೆ.

ನಾನು ಅಲ್ಲಿಗೆ ಹೋಗಿದ್ದಾಗ ಒಂದು ದಿನ ಮಗ ಹೇಳಿದ: "ಅಪ್ಪಾ, ಸರ್ವೀಸ್ ಮಾಡೋ ಅಂಗಡೀಲಿ ಕೇಳಿದೆ. ಹಿಂದಿನ ಡಿಫರೆನ್ಷಿಯಲ್‌ಗೆ ಹಾಕಿರೋದು ಲೈಫ್‌ಟೈಮ್ ಎಣ್ಣೆ, ಬದಲಿಸೋದೇ ಬೇಡ ಅಂದ್ರು."

"ಯಾರ ಲೈಫ್‌ಟೈಮ್ ಅಂತ ಕೇಳಿದೆಯಾ?" ಎಂದೆ.

ಅವನು ನಕ್ಕ. ಆದರೆ ನಾನು ತಮಾಷೆಗೆ ಕೇಳಿರಲಿಲ್ಲ. ಎಣ್ಣೆಯ ಆಯುಷ್ಯವೇ, ಕಾರಿನ ಆಯುಷ್ಯವೇ, ಅಥವಾ ಮೊದಲ ಮಾಲೀಕನಿಗೆ ಕೊಟ್ಟ ಖಾತರಿಯ ಆಯುಷ್ಯವೇ? ಖಾತರಿ ಮುಗಿದ ಮೇಲೆ ಪೆಟ್ಟಿಗೆ ಕೆಟ್ಟರೆ ನಷ್ಟ ಯಾರದು? ಮೂವತ್ತು ವರ್ಷ ದಾಟಿದ ಕಾರಿನ ವಿಷಯದಲ್ಲಿ 'ಆಜೀವ' ಎಂಬ ಮಾತಿಗೆ ಅರ್ಥವೇ ಇಲ್ಲ. ಕಾರಿನ ಕೈಪಿಡಿಯನ್ನು ತೆರೆದು ನೋಡಿದೆವು. ಹಿಂಬದಿಯ ಎಣ್ಣೆಯ ದರ್ಜೆ, ಪ್ರಮಾಣ ಎರಡೂ ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿದ್ದವು.

ಈ ಪೆಟ್ಟಿಗೆಯ ದೊಡ್ಡ ತೊಂದರೆಯೆಂದರೆ ಅದರ ಮೌನ. ನಮ್ಮ ಬಾಲ್ಯದ ಎತ್ತಿನ ಗಾಡಿಯನ್ನು ನೆನೆಯಿರಿ. ಗಾಡಿಯಡಿಯಲ್ಲಿ ಬಿದಿರಿನ ಅಂಡೆಯೊಂದು ತೂಗಾಡುತ್ತಿತ್ತು, ಅದರಲ್ಲಿ ಕೀಲೆಣ್ಣೆ. ಅಚ್ಚು ಒಣಗಿದರೆ ಗಾಡಿ ಕಿರುಗುಟ್ಟುತ್ತಿತ್ತು, ಊರಿಗೆಲ್ಲ ಕೇಳಿಸುವಂತೆ. "ಏನಪ್ಪಾ, ಕೀಲೆಣ್ಣೆಗೂ ಗತಿಯಿಲ್ಲವೇ?" ಎಂದು ದಾರಿಹೋಕರು ಅಣಕಿಸುತ್ತಿದ್ದರು. ನಾಚಿಕೆಗಾದರೂ ಗಾಡಿಯವನು ಇಳಿದು ಎಣ್ಣೆ ಸವರುತ್ತಿದ್ದ. ಗಾಡಿ ದೂರು ಹೇಳುತ್ತಿತ್ತು, ಮನುಷ್ಯ ಕೇಳುತ್ತಿದ್ದ. ಡಿಫರೆನ್ಷಿಯಲ್ ಹಾಗಲ್ಲ. ಎಂಜಿನ್ನಿಗೆ ಎಣ್ಣೆ ಅಳೆಯುವ ಕಡ್ಡಿಯಿದೆ, ಒತ್ತಡ ಇಳಿದರೆ ಹೊತ್ತಿಕೊಳ್ಳುವ ಕೆಂಪು ದೀಪವಿದೆ, ಕೊಳೆಯನ್ನು ಹಿಡಿಯುವ ಫಿಲ್ಟರ್ ಇದೆ. ಈ ಕಾರಿನ ಡಿಫರೆನ್ಷಿಯಲ್‌ಗೆ ಕಡ್ಡಿಯಿಲ್ಲ, ದೀಪವಿಲ್ಲ, ಫಿಲ್ಟರೂ ಇಲ್ಲ. ಕೊನೆಗೊಂದು ದಿನ ಹಿಂದಿನಿಂದ 'ಗುಂಯ್' ಎಂಬ ಸದ್ದು ಕೇಳಿಸುವ ಹೊತ್ತಿಗೆ ಹಲ್ಲುಗಳೋ ಬೇರಿಂಗುಗಳೋ ಸವೆದಿರುತ್ತವೆ. ಸವೆದ ಉಕ್ಕನ್ನು ಯಾವ ಹೊಸ ಎಣ್ಣೆಯೂ ಮರಳಿ ಬೆಳೆಸಲಾರದು.

ಒಳಗೆ ನಡೆಯುವ ಕೆಲಸವಾದರೂ ಎಂಥದು! ಎಂಜಿನ್ನಿನ ಕಡೆಯಿಂದ ಉದ್ದಕ್ಕೆ ಬಂದ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು. ಅದು ಕ್ರೌನ್ ವೀಲ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಚಲನೆ ಅಲ್ಲಿ ಲಂಬಕೋನದಲ್ಲಿ ತಿರುಗಿ ಚಕ್ರಗಳತ್ತ ಹೋಗುತ್ತದೆ. ಈ ಕಾರಿನಲ್ಲಿ ದಂಡವು 4.3 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಇನ್ನು ತಿರುವಿನ ವಿಚಾರ. ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರ್. ಕಾರು ಒಂದು ಪೂರ್ಣ ವೃತ್ತ ಹಾಕಿ ಬಂದರೆ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಸುಮಾರು 8.8 ಮೀಟರ್ ಹೆಚ್ಚು ದೂರ ಓಡಿರುತ್ತದೆ. ವೃತ್ತ ಚಿಕ್ಕದಿರಲಿ, ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ಲೆಕ್ಕ ಮಾಡಿ ನೋಡಿ. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಟೈರು ನೆಲವನ್ನು ಉಜ್ಜಿಕೊಂಡೇ ತಿರುಗಬೇಕಾಗುತ್ತಿತ್ತು. ಹಾಗಾಗದಂತೆ ಒಂದು ಚಕ್ರ ಕಳೆದುಕೊಂಡಷ್ಟು ವೇಗವನ್ನು ಇನ್ನೊಂದಕ್ಕೆ ಕೊಡುವ ಪುಟ್ಟ ಗೇರುಗಳ ಕೂಟವೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ ಉಗಿಗಾಡಿಗಾಗಿ ಇದಕ್ಕೆ ಪೇಟೆಂಟ್ ಪಡೆದದ್ದು 1828ರಲ್ಲಿ.

ಇಲ್ಲಿಗೆ ವಿಶೇಷ ಎಣ್ಣೆಯೇ ಬೇಕಾಗುವುದಕ್ಕೂ ಕಾರಣವಿದೆ. ಹಿಂದೆ ಪಿನಿಯನ್ನಿನ ಅಕ್ಷ ಕ್ರೌನ್ ವೀಲ್‌ನ ನಡುಮಧ್ಯಕ್ಕೆ ನೇರವಾಗಿ ಇರುತ್ತಿತ್ತು. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಅದನ್ನು ಕೆಳಕ್ಕೆ ಸರಿಸಿದ ಹೈಪಾಯ್ಡ್ ಗೇರನ್ನು ಕಾರುಗಳಿಗೆ ತಂದಿತು. ದಂಡ ಕೆಳಗಿಳಿಯಿತು, ಕಾರಿನ ತಳವನ್ನೂ ತಗ್ಗಿಸಬಹುದಾಯಿತು, ಸದ್ದು ಕಡಿಮೆಯಾಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಜಾರುತ್ತವೆ. ಸಾಮಾನ್ಯ ಎಣ್ಣೆಯ ಪದರ ಆ ಜಾರಿಕೆಗೆ ಒರೆಸಿಹೋಗುತ್ತದೆ. ಅದಕ್ಕೆಂದೇ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದ ಜಿ.ಎಲ್-5 ದರ್ಜೆಯ ಗೇರ್ ಎಣ್ಣೆ. ಹಲ್ಲಿನ ಬಿಸಿಗೆ ಅವು ಲೋಹದೊಡನೆ ವರ್ತಿಸಿ ತೆಳ್ಳನೆಯ ರಕ್ಷಾಪದರವನ್ನು ಕಟ್ಟುತ್ತವೆ. ಬಾಟಲಿ ತೆರೆದೊಡನೆ ಮೂಗಿಗೆ ಅಡರುವ ಕೆಟ್ಟ ವಾಸನೆ ಆ ಗಂಧಕದ್ದೇ. ಈ ಸಂಯುಕ್ತಗಳು ಕೆಲಸ ಮಾಡುತ್ತ ಮಾಡುತ್ತ ಖರ್ಚಾಗುತ್ತವೆ. ಜೊತೆಗೆ ಸವೆದ ಲೋಹದ ಪುಡಿ, ಗಾಳಿಯಾಡುವ ರಂಧ್ರದಿಂದ ಸೇರಿಕೊಂಡ ತೇವ. ಇವನ್ನು ಹೊರಗೆ ಹಾಕಲು ಎಣ್ಣೆಯನ್ನೇ ಬದಲಿಸುವುದರ ಹೊರತು ಬೇರೆ ದಾರಿಯಿಲ್ಲ.

ಒಂದು ಎಚ್ಚರಿಕೆ. ಇದೇ ಎಣ್ಣೆ ಒಳ್ಳೆಯದೆಂದು ಗೇರ್‌ಬಾಕ್ಸಿಗೂ ಸುರಿಯಬಾರದು. ಹಳೆಯ ಗೇರ್‌ಬಾಕ್ಸುಗಳಲ್ಲಿ ಹಿತ್ತಾಳೆಯ ಉಂಗುರಗಳಿರುತ್ತವೆ, ಜಿ.ಎಲ್-5ರ ಗಂಧಕ ಅವನ್ನು ತಿನ್ನಬಹುದು. ಕೈಪಿಡಿ ಜಿ.ಎಲ್-4 ಎಂದಿದ್ದರೆ ಅದನ್ನೇ ಹಾಕಬೇಕು.

ಶನಿವಾರ ಬೆಳಿಗ್ಗೆ ಕೆಲಸಕ್ಕೆ ತೊಡಗಿದೆವು. ಮಗ ಮೊದಲು ಕಾರನ್ನು ಏಳೆಂಟು ಕಿಲೋಮೀಟರ್ ಓಡಿಸಿ ಬಂದ; ಬೆಚ್ಚಗಾದ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಕಾರನ್ನು ಜಾಕಿನಿಂದ ಎತ್ತಿ, ನಾಲ್ಕು ಕಡೆಯೂ ಗಟ್ಟಿ ಸ್ಟ್ಯಾಂಡುಗಳ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಿದ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾವ ಕಾರಣಕ್ಕೂ ತೂರಬಾರದು. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ಕುಳಿತೆ. ಪೆಟ್ಟಿಗೆಗೆ ಎರಡು ಬಿರಡೆಗಳು. ಮೇಲಿನದು ತುಂಬುವುದಕ್ಕೆ, ಕೆಳಗಿನದು ಇಳಿಸುವುದಕ್ಕೆ. ನಾನು ಕೆಳಗಿನದರ ಮೇಲೆ ಬೆಳಕು ಬಿಟ್ಟೆ.

"ಮೇಲಿಂದು ಮೊದಲು ಅಪ್ಪಾ," ಎಂದ ಮಗ. "ಇರೋ ಎಣ್ಣೆ ಎಲ್ಲಾ ಇಳಿಸಿದ ಮೇಲೆ ಮೇಲಿಂದು ಬಿಚ್ಚೋಕೆ ಬರಲಿಲ್ಲ ಅಂದ್ರೆ? ಕಾರು ಇಲ್ಲೇ ಕೂರುತ್ತೆ."

ಎಷ್ಟು ಸರಳ, ಎಷ್ಟು ಸರಿ! ತುಂಬುವ ದಾರಿ ತೆರೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳದೆ ಖಾಲಿ ಮಾಡಬಾರದು. ಆ ಮೇಲಿನ ಬಿರಡೆ ಬಹಳ ಕಾಲದಿಂದ ಕದಲಿರಲಿಲ್ಲ. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆ ಸೇರಿಸಿ ಒತ್ತಿದಾಗ 'ಟಕ್' ಎಂದು ಬಿಟ್ಟುಕೊಟ್ಟಿತು. ಆಮೇಲೆ ಕೆಳಗಿನದು. ಹೊಸದಾಗಿದ್ದಾಗ ಜೇನುತುಪ್ಪದ ಬಣ್ಣವಿರಬೇಕಾದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿ ಇಳಿಯಿತು. ಬಿರಡೆಯ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ಲೇಪ ಅಂಟಿತ್ತು. ಬೆರಳ ನಡುವೆ ಉಜ್ಜಿದೆ, ನುಣ್ಣಗಿತ್ತು. ನುಣುಪಾದ ಲೇಪ ಸಹಜವಾದ ಸವೆತ. ಚೂರುಗಳು ಸಿಕ್ಕಿದರೆ ಹಲ್ಲು ಮುರಿಯುತ್ತಿದೆ ಎಂದರ್ಥ. ನಾವು ಸಕಾಲಕ್ಕೆ ಬಂದಿದ್ದೆವು. ಬಿರಡೆಯನ್ನು ಒರೆಸಿ, ಹೊಸ ವಾಷರ್ ಹಾಕಿ ಬಿಗಿದು, ಮೇಲಿನ ರಂಧ್ರದಿಂದ ಕೊಳವೆಯ ಮೂಲಕ 75ಡಬ್ಲ್ಯು-90 ಎಣ್ಣೆ ಹೊಯ್ದೆವು. ಆ ರಂಧ್ರದಿಂದಲೇ ಹೊರಕ್ಕೆ ತೊಟ್ಟಿಕ್ಕತೊಡಗಿದರೆ ತುಂಬಿತೆಂದು ಲೆಕ್ಕ. ಹಿಡಿದದ್ದು ಸುಮಾರು 650 ಮಿಲಿಲೀಟರ್, ಒಂದು ಬಾಟಲಿಯೂ ಪೂರ್ತಿ ಮುಗಿಯಲಿಲ್ಲ. ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದು, ಅದನ್ನು ಮರಳಿ ಪಡೆಯುವ ಬಿಡಿಭಾಗಗಳ ಅಂಗಡಿಗೆ ಕೊಟ್ಟು ಬಂದ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸರಿಯಾಗಿ ಓಡುತ್ತಿರುವುದನ್ನು ಕೆದಕುವುದು ಇರಲಾರದೆ ಇರುವೆ ಬಿಟ್ಟುಕೊಂಡಂತೆ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಸರಿಹೊಂದದ ಸ್ಪ್ಯಾನರ್ ಹಾಕಿ ಬಿರಡೆಯ ಮೂಲೆಗಳನ್ನು ಸವೆಸಿದರೆ, ಅತಿಯಾಗಿ ಬಿಗಿದು ಮರೆ ಕೆಡಿಸಿದರೆ, ಇದ್ದದ್ದೂ ಹೋಗುತ್ತದೆ. ಆದರೆ ಅದು ಎಚ್ಚರಿಕೆಯಿಂದ ಮಾಡಬೇಕೆಂಬುದಕ್ಕೆ ಕಾರಣವೇ ಹೊರತು ಮಾಡಬಾರದೆಂಬುದಕ್ಕಲ್ಲ. ಇದು ಬಲ್ಲ ಮೆಕ್ಯಾನಿಕ್ಕಿನ ಕೆಲಸ ಎನ್ನುವವರೂ ಇದ್ದಾರೆ. ಒಪ್ಪಿದೆ, ಕೈಯಾರೆ ಮಾಡಬೇಕೆಂಬ ಹಟ ನನಗಿಲ್ಲ. ಆದರೆ ಹೆಸರು ಹಿಡಿದು ಕೇಳಿ ಮಾಡಿಸಬೇಕು. 'ಸರ್ವೀಸ್ ಆಯಿತು' ಎಂಬ ಮಾತಿನೊಳಗೆ ಈ ಪೆಟ್ಟಿಗೆ ಸೇರಿದೆಯೆಂದು ತಾನಾಗಿಯೇ ನಂಬಬಾರದು.

ಈಗ ಮೊದಲು ಹೇಳಿದ ಆ ಕಾರಣ. 1980ರ ದಶಕದ ಮಾತು. ಯಂತ್ರಗಳ ಪಾಠ ಮಾಡುತ್ತ, ಪಠ್ಯದಲ್ಲಿ ಇಲ್ಲದಿದ್ದರೂ, ಉತ್ಸಾಹದಿಂದ ಕಪ್ಪು ಹಲಗೆಯ ತುಂಬ ಡಿಫರೆನ್ಷಿಯಲ್‌ನ ಚಿತ್ರ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಲಾರಿಯಲ್ಲಿ ಕ್ಲೀನರ್. "ಸಾರ್, ಅದರೊಳಗಿನ ಎಣ್ಣೆ ಬದಲಾಯಿಸದಿದ್ರೆ ಏನಾಗುತ್ತೆ?" ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. "ಅದು ಪಾಠದಲ್ಲಿಲ್ಲ, ಕುಳಿತುಕೋ" ಎಂದೆ. ಪಠ್ಯದಲ್ಲಿಲ್ಲದ ಡಿಫರೆನ್ಷಿಯಲನ್ನು ತರಗತಿಗೆ ತಂದವನು ನಾನೇ! ತರಗತಿ ನಕ್ಕಿತು, ಅವನು ಕುಳಿತ. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ದೂರನ್ನೂ ಹೇಳಲಿಲ್ಲ. ದೂರಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದೇ ನಾನು ತಿಳಿದೆ. ಕಾರಿನಡಿಯ ಆ ಕಪ್ಪು ಎಣ್ಣೆಯನ್ನು ನೋಡುತ್ತಿದ್ದಾಗ ನೆನಪಾದದ್ದು ಅವನ ಮುಖ.

ಅವನು ಇದನ್ನು ಓದುತ್ತಿದ್ದಾನೋ ಇಲ್ಲವೋ ತಿಳಿಯದು. ಓದುತ್ತಿದ್ದರೆ, ತಡವಾದರೂ ಉತ್ತರ ಇದು: ಬದಲಾಯಿಸದಿದ್ದರೆ ಬಹಳ ದಿನ ಏನೂ ಆಗುವುದಿಲ್ಲ, ಆಮೇಲೆ ಆಗುವುದನ್ನು ಸರಿಪಡಿಸಲು ಬರುವುದಿಲ್ಲ. ನಿನ್ನ ಪ್ರಶ್ನೆ ಆ ದಿನದ ನನ್ನ ಪಾಠಕ್ಕಿಂತ ದೊಡ್ಡದಾಗಿತ್ತು. ಕ್ಷಮಿಸು.

ಉಳಿದ ನೀವೆಲ್ಲರೂ, ಹಿಂದಿನ ಚಕ್ರಗಳಿಂದ ಓಡುವ ಹಳೆಯ ಗಾಡಿ ನಿಮ್ಮಲ್ಲಿದ್ದರೆ, ಅದರ ಎಣ್ಣೆ ಕೊನೆಯ ಸಲ ಬದಲಾದದ್ದು ಯಾವಾಗ ಎಂದು ಹಳೆಯ ರಸೀದಿಗಳಲ್ಲಿ ಹುಡುಕಿ. ಸಿಗದಿದ್ದರೆ ಬದಲಾಗಿಲ್ಲವೆಂದೇ ತಿಳಿಯಿರಿ. ಬಿಚ್ಚುವಾಗ, ಮರೆಯದೆ, ಮೇಲಿನ ಬಿರಡೆ ಮೊದಲು.