ತಲೆ ಎಣಿಸಿ ಕೊಡುವ ಶಾಲಾ ಅನುದಾನ ಬದಲಿಸಲು ಕೋರಿ ಮನವಿ ಪತ್ರ

ಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ, ಬೆಂಗಳೂರು.
(ಮುಖಾಂತರ: ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೋಲಾರ)

ವಿಷಯ: ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ನ್ಯಾಯಯುತ ಅನುದಾನ ಒದಗಿಸುವ ಬಗ್ಗೆ.

ಮಾನ್ಯರೇ,

2001ರ ಫೆಬ್ರವರಿ 28ರಂದು ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮವರ ಅರ್ಧ ಬದುಕು ರೈಲಿನಲ್ಲೇ ಕಳೆಯುತ್ತಿದೆ. ನಸುಕಿನಲ್ಲಿ ಮಾರಿಕುಪ್ಪಂನಲ್ಲಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋದವರು ಮನೆ ಸೇರುವುದು ರಾತ್ರಿಗೆ. ಓಡಾಡಿ ಸಾಕಾದವರು ಅಲ್ಲೇ ಮನೆ ಹಿಡಿಯುತ್ತಾರೆ, ಮಕ್ಕಳ ವರ್ಗಾವಣೆ ಪತ್ರ (ಟಿ.ಸಿ.) ಕೇಳಿಕೊಂಡು ಶಾಲೆಗೆ ಬರುತ್ತಾರೆ.

ಹೀಗೆ ಮಕ್ಕಳು ಹೋದಂತೆ ಶಾಲೆಯ ಅನುದಾನವೂ ಇಳಿಯುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ. 30 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 10,000. ಅಂದರೆ 31 ಮಕ್ಕಳ ಶಾಲೆಯಿಂದ ಒಬ್ಬ ಹುಡುಗಿ ಟಿ.ಸಿ. ತೆಗೆದುಕೊಂಡು ಹೊರಟರೆ ಅವಳ ಹಿಂದೆಯೇ 15,000 ರೂಪಾಯಿ ಹೊರಟುಹೋಗುತ್ತದೆ. ಸೂರು ಸೋರುವುದೇನೂ ಕಡಿಮೆಯಾಗುವುದಿಲ್ಲ. ಅನುದಾನದಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಎಂದಿದೆ. ಹತ್ತು ಸಾವಿರದಲ್ಲಿ ಅದು ತಿಂಗಳಿಗೆ 83 ರೂಪಾಯಿ: ಒಂದು ಪೊರಕೆ, ಒಂದು ಸಣ್ಣ ಬಾಟಲಿ ಫಿನಾಯಿಲ್. ಮಕ್ಕಳಿಂದ ಶೌಚಾಲಯ ತೊಳೆಸಬಾರದು ಎಂಬ ಆದೇಶ ಸರಿಯಾದದ್ದೇ. ತೊಳೆಯುವವರಿಗೆ ಕೂಲಿ ಕೊಡುವವರು ಯಾರು?

ಕೆ.ಜಿ.ಎಫ್.ನಲ್ಲಿ ಇನ್ನೊಂದು ಖರ್ಚಿದೆ, ಯಾವ ಮಾರ್ಗಸೂಚಿಯಲ್ಲೂ ಇಲ್ಲದ್ದು. ಗಾಳಿ ಕಾಲದಲ್ಲಿ ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಬಿಳಿ ಧೂಳು ಮುರಿದ ಕಿಟಕಿಯಿಂದ ನುಗ್ಗಿ ಬೆಂಚು, ಕರಿಹಲಗೆ, ಕೊನೆಗೆ ಬಿಸಿಯೂಟದ ತಟ್ಟೆಯ ಮೇಲೂ ಕೂರುತ್ತದೆ. ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು.

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ, ಕಾಮಸಮುದ್ರ ಕಡೆಯ ಹಳ್ಳಿ ಶಾಲೆಗಳ ಕಷ್ಟ ಬೇರೆ. ಇರುವ ಒಬ್ಬರೇ ಮೇಷ್ಟ್ರು ಸಭೆಗೆ ಹೋದರೆ ಅಂದು ಪಾಠವಿಲ್ಲ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಸರ್ಕಾರಿ ಶಾಲೆಗಳಿಗೆ 2023ರಲ್ಲಿ ಉಚಿತ ವಿದ್ಯುತ್, ನೀರು ಘೋಷಿಸಿದ್ದನ್ನು ನಾವು ಮರೆತಿಲ್ಲ. ಈಗ ನಾವು ಕೇಳುವುದಿಷ್ಟು:

ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ಕಟ್ಟಡ ಮತ್ತು ಕೊಠಡಿ ನೋಡಿ ಪ್ರತಿ ಶಾಲೆಗೂ ಮೂಲ ಅನುದಾನ ನಿಗದಿಯಾಗಲಿ. ಅದು ಜೂನ್‌ನಲ್ಲೇ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಬರಲಿ. ಮಾರ್ಚ್‌ನಲ್ಲಿ ಬಂದ ಹಣಕ್ಕೆ ಬಿಲ್ಲು ಹೊಂದಿಸುವುದೇ ಕೆಲಸ. ಶೌಚಾಲಯ ಸ್ವಚ್ಛತೆಗೆ ಪ್ರತ್ಯೇಕ ಕೂಲಿ ಮಂಜೂರಾಗಲಿ. ದಿಬ್ಬದ ಆಸುಪಾಸಿನ ಶಾಲೆಗಳಿಗೆ ಕಿಟಕಿ, ಮುಚ್ಚಿದ ಊಟದ ಕೋಣೆ ಮೊದಲು ಆಗಲಿ. ಏಕೋಪಾಧ್ಯಾಯ ಶಾಲೆಗಳಿಗೆ ಎರಡನೇ ಶಿಕ್ಷಕರು ಬರಲಿ.

ಮುಂದಿನ ಆಯವ್ಯಯಕ್ಕೆ ಮೊದಲು ತಾವೇ ಒಮ್ಮೆ ಬಂದು ನೋಡಬೇಕೆಂದು ಪ್ರಾರ್ಥನೆ. ದಯವಿಟ್ಟು ಗಾಳಿ ಕಾಲದಲ್ಲಿ, ಮಕ್ಕಳ ಊಟದ ಹೊತ್ತಿಗೆ ಬನ್ನಿ.

ತಮ್ಮ ವಿಶ್ವಾಸಿಗಳು,
ಎಸ್‌ಡಿಎಂಸಿ ಸದಸ್ಯರು ಹಾಗೂ ಪೋಷಕರು,
ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳು