ತಳ್ಳುಗೋಲಿನ ಉಪಕಾರ

ಮೇಜಿನ ಸೀಳಿನಿಂದ ತಲೆಯೆತ್ತಿ, ನಿಮಿಷಕ್ಕೆ 3,000–4,000 ಸುತ್ತು ತಿರುಗುವ ಗರಗಸದ ಚಕ್ರದೆದುರು ಹಲಗೆಯನ್ನು ಬರಿಗೈಯಿಂದ ತಳ್ಳುವವರ ಧೈರ್ಯವನ್ನು ನಾನು ಮೆಚ್ಚಲಾರೆ. ಉಳಿದ ಮರದ ತುಂಡಿನಲ್ಲೇ ಒಂದು ತಳ್ಳುಗೋಲನ್ನು ಮಾಡಿಕೊಳ್ಳಬಹುದಲ್ಲ! ಆಕಾರ ಪಾದರಕ್ಷೆಯದಿರಲಿ: ಒಂದಡಿ ಉದ್ದದ ಅಟ್ಟೆ, ಹಿಂದೆ ಹಲಗೆಯ ಅಂಚಿಗೆ ತಾಗುವ ಹಿಮ್ಮಡಿ, ಮೇಲೊಂದು ಹಿಡಿ. ಬರಿಯ ಕೋಲು ಸಾಲದು. ಚಕ್ರದ ಹಿಂಬದಿಯ ಹಲ್ಲುಗಳು ಮೇಲೇಳುತ್ತ ಹಲಗೆಯನ್ನೆತ್ತಿ ನಮ್ಮತ್ತಲೇ ಎಸೆಯಬಲ್ಲವಾದುದರಿಂದ, ತಳ್ಳುವಾಗಲೇ ಅದನ್ನು ಕೆಳಕ್ಕೆ ಒತ್ತಿಯೂ ಹಿಡಿದಿರಬೇಕು. ಗೋಲಿಗೆ ಮೊಳೆ ಬೇಡ, ಅಂಟೇ ಸಾಕು. ಗರಗಸದ ಹಲ್ಲು ಅದನ್ನು ಎಂದಾದರೊಂದು ದಿನ ಕಚ್ಚಿಯೇ ಕಚ್ಚುವುದು.

ನನ್ನ ಪರಿಚಯದ ಬಡಗಿಯೊಬ್ಬರು ಹಾಗೆ ಕಚ್ಚುಬಿದ್ದ ಹಳೆಯ ಗೋಲುಗಳನ್ನು ಎಸೆಯದೆ ಗೋಡೆಗೆ ತೂಗುಹಾಕಿದ್ದಾರೆ. ಒಂದೊಂದು ಕಚ್ಚಿಗೆ ಒಂದೊಂದು ಬೆರಳು ಉಳಿಯಿತೆಂದು ಅವರ ಲೆಕ್ಕ. ಎಣಿಸಿ ನೋಡಿದೆ, 11 ಇದ್ದುವು.