ಅಣ್ಣನ ರೈಲು

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಇರುವುದು ನನ್ನದಲ್ಲ, ನಮ್ಮ ಅಣ್ಣನದು. 1967ರಲ್ಲಿ ನಮ್ಮ ಸೋದರಮಾವ ಇಂಗ್ಲೆಂಡಿನಿಂದ ಬರುವಾಗ ಅವನಿಗೆಂದು ತಂದ ಕರೆಂಟಿನ ಆಟದ ರೈಲು. ಒಂದು ಕಪ್ಪು ಇಂಜಿನ್ನು, ಎರಡು ಬೋಗಿ, ದುಂಡಗೆ ಜೋಡಿಸುವ ಹಳಿ, ವೇಗ ಹೆಚ್ಚು ಕಡಿಮೆ ಮಾಡುವ ಒಂದು ಡಬ್ಬ. ಆಗ ಅಣ್ಣನಿಗೆ 13 ವರ್ಷ, ನನಗೆ 9.

ಮೈಸೂರಿನಲ್ಲಿ ಆಗ ಮೀಟರ್ ಗೇಜ್ ಹಳಿ, ಉಗಿ ಇಂಜಿನ್ನು. ಅಣ್ಣ ಸ್ಕೂಲು ಬಿಟ್ಟವನೇ ಚಾಮರಾಜಪುರಂ ಸ್ಟೇಷನ್ನಿನ ಬೇಲಿ ಹಿಡಿದು ನಿಂತುಬಿಡುತ್ತಿದ್ದ. ಅಂಥವನ ಕೈಗೆ ಆ ಪೆಟ್ಟಿಗೆ ಸಿಕ್ಕಿದರೆ ಕೇಳಬೇಕೆ? ಊಟ ತಿಂಡಿ ಎಲ್ಲ ಹಳಿಯ ಪಕ್ಕದಲ್ಲೇ. “ಒಂದು ಗಂಟೆಗಿಂತ ಹೆಚ್ಚು ಓಡಿಸಬೇಡ, ಸುಟ್ಟುಹೋಗುತ್ತೆ” ಎಂದು ಅಪ್ಪ ಗದರುತ್ತಲೇ ಇದ್ದರು. ಎರಡು ತಿಂಗಳು ಕಳೆದಿತ್ತೋ ಇಲ್ಲವೋ, ಒಂದು ಸಂಜೆ ಇಂಜಿನ್ನು ಅಲುಗಲೇ ಇಲ್ಲ. ಗುಬುಟು ತಿರುಗಿಸಿದರೆ ಡಬ್ಬ ‘ಟಕ್’ ಎಂದು ತಾನೇ ನಿಂತುಹೋಗುತ್ತಿತ್ತು. ಹಿಂದಿನ ದಿನ ಅಣ್ಣ ಮೂರು ಗಂಟೆ ಓಡಿಸಿದ್ದ. ಅಪ್ಪನಿಂದ ಎರಡು ಏಟು ಬಿತ್ತು. ಆ ಕಾಲದಲ್ಲಿ ರಿಪೇರಿ ಮಾಡುವವರು ಎಲ್ಲಿ ಸಿಗಬೇಕು? ಪೆಟ್ಟಿಗೆ ಅಟ್ಟ ಸೇರಿತು. ಅಣ್ಣ ಆಮೇಲೆ ಒಂದು ದಿನವೂ ಅದರ ಸುದ್ದಿ ಎತ್ತಲಿಲ್ಲ.

ಈ ಬೇಸಿಗೆ ರಜೆಗೆ ಬಂದ ನನ್ನ ಮೊಮ್ಮಗಳು, ಏಳನೇ ಕ್ಲಾಸಿನವಳು, ಅಟ್ಟ ಹತ್ತಿ ಅದನ್ನು ಇಳಿಸಿದಳು. “ತಾತ, ಇದನ್ನ ಓಡಿಸೋಣ” ಎಂದಳು. ಶಿವಮೊಗ್ಗದಿಂದ ಅಣ್ಣ ಬರುವುದಕ್ಕೆ ಇನ್ನು ಹತ್ತು ದಿನ ಇತ್ತು. ಸರಿ ಅಂದೆ.

ಮೊದಲು ಅವಳು ಮಾಡಿದ ಕೆಲಸ ಸ್ಕೇಲು ತಂದು ಹಳಿ ಅಳೆದದ್ದು. ಎರಡು ಕಂಬಿಯ ನಡುವೆ ಹದಿನಾರೂವರೆ ಮಿಲಿಮೀಟರ್. ಇಂಗ್ಲೆಂಡಿನ ನಿಜವಾದ ಹಳಿ 1435 ಮಿಲಿಮೀಟರ್ ಅಗಲ. ಈ ಇಂಜಿನ್ನು ನಿಜವಾದದ್ದರ 76ರಲ್ಲಿ ಒಂದು ಪಾಲು. ಮಕ್ಕಳೇ, ಭಾಗಿಸಿ ನೋಡಿ, ಹೆಚ್ಚುಕಡಿಮೆ 19 ಬರುತ್ತದೆ. ಅಂದರೆ ಹಳಿ ಇರಬೇಕಾದ್ದಕ್ಕಿಂತ ಕಿರಿದು! ಹೌದು, ಅಲ್ಲಿನ ಆಟದ ರೈಲಿನವರು ಬೇರೊಂದು ಚಿಕ್ಕ ಅಳತೆಯ ರೈಲಿಗಿದ್ದ ಹಳಿಯನ್ನೇ ಇಟ್ಟುಕೊಂಡು ಇಂಜಿನ್ನನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿಬಿಟ್ಟರು. ಅದೇ ರೂಢಿಯಾಗಿ ಇವತ್ತಿಗೂ ಉಳಿದಿದೆ.

ಇಂಜಿನ್ನಿನ ಮೇಲಿನ ಕವಚ ಕಳಚಿದರೆ ಒಳಗೆ ಮೋಟಾರು. ನಿಮ್ಮ ಮನೆಯ ಮಿಕ್ಸಿ ನಿಂತಾಗ ರಿಪೇರಿಯವರು “ಕಾರ್ಬನ್ ಹೋಗಿದೆ” ಅನ್ನುವುದನ್ನು ಕೇಳಿದ್ದೀರಲ್ಲ? ಇಲ್ಲೂ ಅದೇ ಏರ್ಪಾಡು. ತಾಮ್ರದ ತಂತಿ ಸುತ್ತಿದ ಒಂದು ಉರುಳೆ ಅಯಸ್ಕಾಂತದ ನಡುವೆ ತಿರುಗುತ್ತದೆ. ತಿರುಗುವ ಉರುಳೆಗೆ ವೈರು ಕಟ್ಟಲು ಆಗುವುದಿಲ್ಲ, ಸುತ್ತಿಕೊಂಡುಬಿಡುತ್ತದೆ. ಅದಕ್ಕೆ ಉರುಳೆಯ ಒಂದು ತುದಿಯಲ್ಲಿ ತಾಮ್ರದ ಚೂರುಗಳನ್ನು ಬಳೆಯ ಹಾಗೆ ಕೂರಿಸಿ, ಎರಡು ಕಡೆಯಿಂದ ಎರಡು ಕಾರ್ಬನ್ ತುಂಡು ಒತ್ತುವಂತೆ ಮಾಡಿರುತ್ತಾರೆ. ಒಂದು ಕಾರ್ಬನ್ನಿನಿಂದ ಕರೆಂಟು ಒಳಗೆ, ಇನ್ನೊಂದರಿಂದ ಹೊರಗೆ. ನಮ್ಮ ಇಂಜಿನ್ನಿನಲ್ಲಿ ಎರಡನ್ನೂ ಒತ್ತುವುದು ಒಂದೇ ಸ್ಪ್ರಿಂಗು. ತಲೆಗೆ ಸಿಕ್ಕಿಸುವ ಹೇರ್‌ಪಿನ್ನಿನ ಹಾಗೆ ಅದಕ್ಕೆ ಎರಡು ಕಾಲು.

ಆ ಸ್ಪ್ರಿಂಗನ್ನು ಚಿಮಟದಿಂದ ಎತ್ತಿದೆನೋ ಇಲ್ಲವೋ, ತುಕ್ಕು ಹಿಡಿದ ಒಂದು ಕಾಲು ಪಟ್ಟನೆ ಮುರಿದು ಕೈಗೆ ಬಂತು. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಇಂಜಿನ್ನಿನ ಮುಖ ನೋಡಿದೆ.

ನನ್ನ ಹೆಂಡತಿಯ ವೀಣೆಯ ತಂತಿ ಉಕ್ಕಿನದು, ಅದರಿಂದ ಮಾಡಬಹುದು ಅನ್ನಿಸಿತು. ಹಳೆಯ ತುಂಡೊಂದನ್ನು ಕೇಳಿ ಪಡೆದು (ಸುಲಭವಾಗಿ ಸಿಗಲಿಲ್ಲ ಅನ್ನಿ) ಬಗ್ಗಿಸಿದೆ. ತೀರಾ ತೆಳು, ಒತ್ತಡವೇ ಇಲ್ಲ. ಕಾರ್ಬನ್ ಸಡಿಲವಾದರೆ ಕಿಡಿ ಹಾರುತ್ತದೆ, ಬಿಗಿ ಹೆಚ್ಚಾದರೆ ಬೇಗ ಸವೆಯುತ್ತದೆ, ಹದ ಬೇಕು. ಪಕ್ಕದ ಮನೆಯ ಹುಡುಗನ ಗಿಟಾರಿನ ಎರಡನೇ ತಂತಿ ಸರಿಹೋಯಿತು. ಮೊಳೆಗೆ ಒಂದು ಸುತ್ತು ಹಾಕಿ, ಇಕ್ಕಳದಲ್ಲಿ ಕಾಲು ಬಗ್ಗಿಸಿ, ಮೂರು ಹಾಳುಮಾಡಿ ನಾಲ್ಕನೆಯದನ್ನು ಕೂರಿಸಿದೆ. ತಾಮ್ರದ ಚೂರುಗಳ ಸಂದಿಯಲ್ಲಿ ತುಂಬಿದ್ದ ಕರಿಪುಡಿಯನ್ನು ಮೊಮ್ಮಗಳು ಹಲ್ಲುಕಡ್ಡಿಯಿಂದ ತೆಗೆದಳು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು. ಅಯಸ್ಕಾಂತವನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಹಳೇ ಕಾಲದ ಇಂಥ ಅಯಸ್ಕಾಂತವನ್ನು ಕಬ್ಬಿಣದ ಜಾಗದಿಂದ ಕಳಚಿ ಹೊರಗಿಟ್ಟರೆ ಅದರ ಶಕ್ತಿ ಕುಂದಿಬಿಡುತ್ತದೆ. ಗೋಡೆಯ ಕರೆಂಟಿಗೆ ಹಾಕಿದ ಯಾವುದನ್ನೂ ಬಿಚ್ಚಬೇಡಿ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ನಾವು ಪರೀಕ್ಷೆಗೆ ಇಟ್ಟುಕೊಂಡಿದ್ದು 9 ವೋಲ್ಟಿನ ಸಣ್ಣ ಬ್ಯಾಟರಿ.

ಬ್ಯಾಟರಿ ಮುಟ್ಟಿಸಿದೆವು. ಮೋಟಾರು ತಿರುಗಲಿಲ್ಲ. ಬ್ಯಾಟರಿ ಬಿಸಿಯಾಯಿತು.

ಎರಡು ದಿನ ತಲೆ ಕೆಡಿಸಿಕೊಂಡೆ. ಉರುಳೆಯ ತಂತಿಯೇ ಸುಟ್ಟಿದೆ, ಅಪ್ಪ ಹೇಳಿದ್ದೇ ಸರಿ ಅಂದುಕೊಂಡೆ. ಮೂರನೇ ದಿನ ಕಾಫಿ ಕುಡಿಯುವ ಹೊತ್ತಿಗೆ ಮೊಮ್ಮಗಳು ಕೇಳಿದಳು, “ತಾತ, ಸ್ಪ್ರಿಂಗು ಕಬ್ಬಿಣ ತಾನೆ? ಅದು ಎರಡೂ ಕಾರ್ಬನ್ನಿಗೆ ಮುಟ್ಟಿದೆ. ಕರೆಂಟು ಅದರಲ್ಲೇ ಸುಲಭವಾಗಿ ದಾಟಿಹೋಗುತ್ತಲ್ವಾ? ಉರುಳೆಯೊಳಗೆ ಯಾಕೆ ಸುತ್ತಿಕೊಂಡು ಹೋಗುತ್ತೆ?”

ಲೋಟ ಕೆಳಗಿಟ್ಟೆ.

ಇನ್ನು ಯಾರಿಗೂ ಹೇಳದಿದ್ದ ಮಾತು. ಆ ಸಂಜೆಗೆ ಮೊದಲು, ಮಧ್ಯಾಹ್ನ, ಅಣ್ಣ ಸ್ಕೂಲಿನಲ್ಲಿದ್ದಾಗ ಅವನ ಇಂಜಿನ್ನನ್ನು ನಾನು ಬಿಚ್ಚಿದ್ದೆ. ಒಳಗೆ ಏನಿದೆ ನೋಡುವ ಆಸೆ. ಸ್ಪ್ರಿಂಗು ಎತ್ತಿದಾಗ ಅದರ ಒಂದು ಕಾಲಿನಿಂದ ಜೀರಿಗೆ ಕಾಳಿನಷ್ಟು ಏನೋ ಉದುರಿತ್ತು. ಕಸ ಅಂದುಕೊಂಡು ಊದಿಬಿಟ್ಟೆ. ಎಲ್ಲ ಮೊದಲಿನಂತೆ ಜೋಡಿಸಿಟ್ಟೆ. ಸಂಜೆ ಅಣ್ಣ ಏಟು ತಿನ್ನುವಾಗ ನಾನು ಅಡಿಗೆಮನೆಯಲ್ಲಿ ಅಮ್ಮನ ಹಿಂದೆ ನಿಂತಿದ್ದೆ.

ಆ ಕಸವೇ ಕರೆಂಟು ದಾಟದಂತೆ ಸ್ಪ್ರಿಂಗಿನ ಒಂದು ಕಾಲಿಗೆ ತೊಡಿಸಿದ್ದ ಕೊಳವೆ. ಅದು ಇಲ್ಲದಿದ್ದರೆ ಕರೆಂಟು ಅಡ್ಡದಾರಿ ಹಿಡಿದು ಸ್ಪ್ರಿಂಗಿನಲ್ಲೇ ಹರಿದುಹೋಗುತ್ತದೆ, ಮೋಟಾರಿಗೆ ಏನೂ ಸಿಗುವುದಿಲ್ಲ. ಡಬ್ಬ ‘ಟಕ್’ ಅಂದದ್ದೂ ಅದಕ್ಕೇ.

ಹಳೆಯ ಟೆಲಿಫೋನ್ ವೈರಿನ ಒಳಗಿನ ತಂತಿ ಎಳೆದು, ಉಳಿದ ನೀಲಿ ಸಿಪ್ಪೆಯಿಂದ ಒಂದು ಚೂರು ಕತ್ತರಿಸಿ ಸ್ಪ್ರಿಂಗಿನ ಕಾಲಿಗೆ ತೂರಿಸಿದೆವು. ಬ್ಯಾಟರಿ ಮುಟ್ಟಿಸುತ್ತಿದ್ದ ಹಾಗೆ ಮೋಟಾರು ಗುಯ್ ಎಂದಿತು. ಮೊಮ್ಮಗಳು ಕಿರುಚಿದ ಸದ್ದಿಗೆ ನನ್ನ ಹೆಂಡತಿ ಓಡಿಬಂದಳು. ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ತೊಟ್ಟು ಅಚ್ಚಿನ ಎರಡು ತುದಿಗೆ ಬಿಟ್ಟು ಕವಚ ಮುಚ್ಚಿದೆ.

ಅಣ್ಣ ಬಂದ ದಿನ ಹಾಲಿನಲ್ಲಿ ಹಳಿ ಹಾಸಿಟ್ಟಿದ್ದೆವು. ಅವನು ಚೀಲ ಕೂಡ ಇಳಿಸದೆ ನೋಡುತ್ತಾ ನಿಂತ. ಇಂಜಿನ್ನು ನಾಲ್ಕು ಸುತ್ತು ಬಂತು. ನಾನು ಗಂಟಲು ಸರಿಮಾಡಿಕೊಂಡು ಎಲ್ಲ ಹೇಳಿದೆ. ಮಧ್ಯಾಹ್ನ, ಕೊಳವೆ, ಅಡಿಗೆಮನೆ, ಎಲ್ಲ.

ಅಣ್ಣ ಸುಮ್ಮನೆ ಕೇಳಿದ. ಆಮೇಲೆ, “ನಾನೇ ಜಾಸ್ತಿ ಓಡಿಸಿ ಸುಟ್ಟೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ ಕಣೋ. ನನ್ನ ಮಗನಿಗೆ ರೈಲು ಕೊಡಿಸೋಕೂ ಮನಸ್ಸು ಬರಲಿಲ್ಲ” ಅಂದ.

ನನಗೆ ಏನು ಹೇಳಲೂ ತೋಚಲಿಲ್ಲ. ಅವನು ಚೀಲ ಇಳಿಸಿ, ಮಂಡಿ ಹಿಡಿದುಕೊಂಡು ನಿಧಾನಕ್ಕೆ ನೆಲದ ಮೇಲೆ ಕೂತ. “ಎಲ್ಲಿ, ಆ ಡಬ್ಬ ಈ ಕಡೆ ತಳ್ಳಮ್ಮ” ಎಂದು ಮೊಮ್ಮಗಳನ್ನು ಕೇಳಿದ. “ಎಷ್ಟು ಹೊತ್ತು ಓಡಿಸಬಹುದು?”

“ಎಷ್ಟು ಹೊತ್ತಾದರೂ, ದೊಡ್ಡ ತಾತ” ಎಂದಳು ಅವಳು.